ಎರಡು ವರ್ಷಕ್ಕೆ ಒಂದೇ ಮೊಟ್ಟೆ

ಪ್ರಶ್ನೆ: ನಮ್ಮದು ಬೋಟಿನ ಕುಟುಂಬ. ಬಲೆಗೆ ಹಕ್ಕಿ ಬೀಳೋದು ಅಪರೂಪಕ್ಕೆ ಒಂದೋ ಎರಡೋ. ಆದರೆ ಮೀನಿನ ಗಾಳಕ್ಕೆ ಸಿಕ್ಕಿಯೇ ಆಲ್ಬಟ್ರಾಸ್ ಕಮ್ಮಿಯಾಗುತ್ತಿದೆ ಎಂದು ಓದಿದೆ. ಒಂದೆರಡು ಸತ್ತರೆ ಇಡೀ ಜಾತಿ ಕುಸಿಯುತ್ತದಾ? ಅದು ನಮ್ಮ ಕಡಲಿಗೂ ಬರುತ್ತದಾ?
– ಓದುಗರೊಬ್ಬರು, ಮಲ್ಪೆ

ಉತ್ತರ: ಮಲ್ಪೆಯಲ್ಲಿ ಅದನ್ನು ಕಾಯಬೇಡಿ. ಅದು ರೆಕ್ಕೆ ಬಡಿಯದೆ ಗಾಳಿಯ ಮೇಲೇ ಸಾಗುವ ಹಕ್ಕಿ. ಅದರ ಹೆಚ್ಚಿನ ಜಾತಿಗಳಿಗೆ ಅಂಟಾರ್ಕ್ಟಿಕಾ ಸುತ್ತಲಿನ ಕಡಲಿನ ಜೋರು ಗಾಳಿಯೇ ಬೇಕು.

ಇನ್ನು ನಿಮ್ಮ ಒಂದೆರಡರ ಲೆಕ್ಕ. ನೂರಕ್ಕೆ ಎರಡರಂತೆ ಪ್ರತಿ ವರ್ಷ ಇಳಿದರೆ 35 ವರ್ಷದಲ್ಲಿ ಅರ್ಧ ಖಾಲಿ! ದಕ್ಷಿಣ ಅಟ್ಲಾಂಟಿಕ್ ಕಡಲಿನ ದ್ವೀಪ ದಕ್ಷಿಣ ಜಾರ್ಜಿಯಾದ ಬರ್ಡ್ ಐಲೆಂಡ್‌ನಲ್ಲಿ ಹೆಚ್ಚುಕಡಿಮೆ ಹೀಗೇ ಆಗಿದೆ. 1960ರ ದಶಕದಲ್ಲಿ ಅಲ್ಲಿ ವಾಂಡರಿಂಗ್ ಆಲ್ಬಟ್ರಾಸ್ ಎಂಬ ಜಾತಿಯ 1,700ಕ್ಕೂ ಹೆಚ್ಚು ಜೋಡಿ ಗೂಡು ಕಟ್ಟುತ್ತಿದ್ದವು. ಈಗ ಅದರ ಅರ್ಧದಷ್ಟೂ ಕಷ್ಟ.

ಕೋಳಿಯ ಹಾಗೆ ಬೇಗ ತುಂಬಿಕೊಳ್ಳಬಹುದಲ್ವಾ ಅಂದರೆ, ಅದಾಗದು. ಈ ಹಕ್ಕಿ ಮೊದಲ ಮೊಟ್ಟೆ ಇಡುವ ಹೊತ್ತಿಗೆ ಅದಕ್ಕೆ ಹತ್ತು ವರ್ಷದ ಆಸುಪಾಸು. ಇಡುವುದು ಒಂದೇ ಮೊಟ್ಟೆ. ಮರಿ ಹಾರಲು ಸುಮಾರು ಒಂಬತ್ತು ತಿಂಗಳು. ಮರಿ ಬೆಳೆಸಿದ ಜೋಡಿ ಮುಂದಿನ ವರ್ಷ ಗೂಡಿಗೇ ಬರುವುದಿಲ್ಲ. ಅಪ್ಪ ಅಮ್ಮ ಇಬ್ಬರೂ ದುಡಿದರೇ ಮರಿಯ ಹೊಟ್ಟೆ ತುಂಬೋದು. ಹಾಗಾಗಿ ಗಾಳ ನುಂಗಿ ಒಂದು ಸತ್ತರೆ ಗೂಡಿನ ಮರಿಯೂ ಹೋಯಿತು. ಉಳಿದದ್ದು ಇನ್ನೊಂದು ಜೊತೆ ಹುಡುಕಲು ವರ್ಷಗಳೇ ಬೇಕು. ಅದರಲ್ಲೂ ಹೆಣ್ಣುಗಳು ಮೇವಿಗೆ ಉತ್ತರದ ಬೆಚ್ಚಗಿನ ನೀರಿಗೆ ಜಾಸ್ತಿ ಹೋಗುತ್ತವೆ. ಟ್ಯೂನಾ ಹಡಗುಗಳು ಸಾವಿರಾರು ಗಾಳದ ಉದ್ದನೆಯ ಹಗ್ಗ ಬಿಡುವುದೂ ಅಲ್ಲೇ. ಗಾಳಕ್ಕೆ ಚುಚ್ಚಿದ ಬೊಂಡಾಸ್ (ಸ್ಕ್ವಿಡ್) ನೀರಲ್ಲಿ ಮುಳುಗುವ ಮೊದಲೇ ಹಕ್ಕಿ ಎರಗುತ್ತದೆ. ಗಾಳ ಅದನ್ನೇ ಒಳಗೆ ಎಳೆದುಕೊಂಡು ಹೋಗುತ್ತದೆ.

ಇದನ್ನು ತಪ್ಪಿಸಲು ದೊಡ್ಡ ವಿದ್ಯೆಯೇನೂ ಬೇಕಿಲ್ಲ, ಅದೇ ನನಗೆ ಸಿಟ್ಟು ಬರಿಸುವ ಸಂಗತಿ. ಗಾಳ ಬೇಗ ಮುಳುಗಲು ಭಾರ ಕಟ್ಟಬೇಕು. ರಾತ್ರಿ ಬಿಡಬೇಕು. ಹಡಗಿನ ಹಿಂದೆ ಬಣ್ಣದ ಪಟ್ಟಿ ತೂಗುವ ಹಗ್ಗ ಕಟ್ಟಿ ಹಕ್ಕಿ ಬೆದರಿಸಬೇಕು. ದಕ್ಷಿಣ ಜಾರ್ಜಿಯಾದ ಸುತ್ತ ಇವನ್ನು ಕಡ್ಡಾಯ ಮಾಡಿ, ಅಲ್ಲಿನ ಬೇಸಿಗೆಯಲ್ಲಿ ಗಾಳದ ಮೀನುಗಾರಿಕೆಯನ್ನೇ ನಿಲ್ಲಿಸಿದ ಮೇಲೆ ಅಲ್ಲಿ ಹಕ್ಕಿಗಳ ಸಾವು ಬಹುತೇಕ ನಿಂತಿದೆ. ಆದರೆ ಹಕ್ಕಿಗೆ ಗಡಿ ಗೊತ್ತಾ? ಯಾವ ದೇಶಕ್ಕೂ ಸೇರದ ನಡುಗಡಲಲ್ಲಿ ಹೋಗಿ ಸಾಯುತ್ತದೆ. ಅಲ್ಲಿ ನಿಯಮವಿದ್ದರೂ ನೋಡುವವರು ಕಮ್ಮಿ.

ಹಕ್ಕಿ ಕಚ್ಚಿದ ಗಾಳಕ್ಕೆ ಮೀನು ಬೀಳುವುದಿಲ್ಲ ಅನ್ನೋದನ್ನು ನಿಮಗೆ ನಾನು ಹೇಳಬೇಕಿಲ್ಲ. ನಷ್ಟ ಹಡಗಿನವರಿಗೂ ಇದೆ.