ಕರುವಿನ ಮೊದಲ ಮೂರು ವಾರ: ನಿಮ್ಮ ಲೇಖನ ಯಾಕೆ ವಾಪಸ್ ಬಂತು

ಚಿಂತಾಮಣಿಯ ಮಿತ್ರರಿಗೆ ನಮಸ್ಕಾರ.

ನೀವು ಕಳಿಸಿದ ‘ಒಂದು ಕೋಶದಿಂದ ಕರು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾಗದು. ವಿಷಯ ತುಂಬಾ ಒಳ್ಳೆಯದು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹಸು ಕಟ್ಟಿಕೊಂಡೇ ಸಂಸಾರ ನಡೆಸುವವರು ಇದನ್ನು ಓದುತ್ತಾರೆ. ಅದಕ್ಕೇ ತಪ್ಪು ಹೋಗಬಾರದು.

ಶೀರ್ಷಿಕೆ ಕರುವಿನದು, ಒಳಗಿನ ಲೆಕ್ಕವೆಲ್ಲ ಚಿಟ್ಟಿಲಿಯದು. ಮೂರೂವರೆ ದಿನಕ್ಕೆ ಬ್ಲಾಸ್ಟೊಸಿಸ್ಟ್ (ಒಳಗೆ ನೀರು ತುಂಬಿದ ಚೆಂಡಿನಂಥ ಭ್ರೂಣ) ಆಗುವುದು ಇಲಿಯಲ್ಲಿ. ಹಸುವಿಗೆ ಸುಮಾರು 7 ದಿನ ಬೇಕು. ಭ್ರೂಣದ ಸ್ವಂತ ಜೀನ್‌ಗಳು ದೊಡ್ಡ ಪ್ರಮಾಣದಲ್ಲಿ ಕೆಲಸ ಶುರು ಮಾಡುವುದು ಇಲಿಯಲ್ಲಿ 2 ಕೋಶದ ಹಂತದಲ್ಲಿ, ಹಸುವಿನಲ್ಲಿ 8ರಿಂದ 16 ಕೋಶಗಳಾದಾಗ. ಅಲ್ಲಿಯವರೆಗೆ ತಾಯಿ ಅಂಡದಲ್ಲಿ ಇಟ್ಟ ಬುತ್ತಿಯೇ ಗತಿ. ದಿನ ಎಣಿಸುವುದು ಎಲ್ಲಿಂದ ಎಂಬುದನ್ನೂ ನೀವು ಹೇಳಿಲ್ಲ. ಬೆದೆಯ ದಿನವನ್ನು 0 ಎಂದಿಟ್ಟುಕೊಳ್ಳಿ. ಓದುಗರಿಗೆ ಗೊತ್ತಿರುವ ಲೆಕ್ಕ ಅದು.

‘ಪ್ರತಿ ವಿಭಜನೆಗೂ ಭ್ರೂಣ ಎರಡರಷ್ಟು ದಪ್ಪವಾಗುತ್ತದೆ’ ಎಂಬ ಸಾಲು ತೆಗೆಯಿರಿ. ಅಂಡದ ಸುತ್ತ ಗಟ್ಟಿ ಪೊರೆಯಿದೆ. ಅದರೊಳಗೆ ಕೋಶಗಳ ಸಂಖ್ಯೆ ಏರುತ್ತದೆ, ಒಂದೊಂದು ಕೋಶ ಚಿಕ್ಕದಾಗುತ್ತಾ ಹೋಗುತ್ತದೆ. ಒಟ್ಟು ಗಾತ್ರ ಹೆಚ್ಚುಕಡಿಮೆ ಅಷ್ಟೇ. ಇದೆಲ್ಲ ಶುರುವಾಗುವುದು ಗರ್ಭಕೋಶದಲ್ಲೂ ಅಲ್ಲ, ಅಂಡನಾಳದಲ್ಲಿ. ಗರ್ಭಕೋಶಕ್ಕೆ ಇಳಿಯುವುದು 4–5ನೇ ದಿನ.

ನನಗೆ ಹೆಚ್ಚು ಬೇಸರವಾದದ್ದು ‘ಮೊದಲ ಎರಡು ಕೋಶಗಳಲ್ಲೇ ತಲೆ ಯಾವುದು, ಕಾಲು ಯಾವುದು ಎಂದು ಬರೆದಿರುತ್ತದೆ’ ಎಂಬ ಮಾತಿಗೆ. 1959ರಲ್ಲಿ ಪೋಲೆಂಡಿನ ತಾರ್ಕೋವ್‌ಸ್ಕಿ, ಇಲಿಯ 2 ಕೋಶದ ಭ್ರೂಣದಲ್ಲಿ ಒಂದನ್ನು ನಾಶ ಮಾಡಿದರೂ ಉಳಿದ ಒಂದರಿಂದ ಇಡೀ ಮರಿ ಹುಟ್ಟಬಲ್ಲದು ಎಂದು ತೋರಿಸಿದರು. ಕೋಶದ ದಾರಿಯನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಅದು ಕೂತ ಜಾಗ. ಕೋಶಗಳು ಒಂದಕ್ಕೊಂದು ಒತ್ತಿ ಮುದ್ದೆಯಾದಾಗ ಹೊರಗಿನವುಗಳ ಒಂದು ಮೈ ಬಯಲಿಗೆ ತೆರೆದಿರುತ್ತದೆ, ಒಳಗಿನವು ಎಲ್ಲ ಕಡೆಯಿಂದ ಮುಚ್ಚಿಹೋಗುತ್ತವೆ. ಆ ವ್ಯತ್ಯಾಸವನ್ನೇ ಕೋಶ ಓದಿಕೊಳ್ಳುತ್ತದೆ. ಹೊರಗಿನವು ಟ್ರೋಫೆಕ್ಟೋಡರ್ಮ್, ಅಂದರೆ ಮಾಸಿನಲ್ಲಿ ಕರುವಿನ ಪಾಲಿನ ಮೂಲ. ಒಳಗಿನ ಗುಚ್ಛ ಆಮೇಲೆ ಮತ್ತೆ ಎರಡಾಗುತ್ತದೆ: ಕರುವಿನ ಮೈಯಾಗುವ ಎಪಿಬ್ಲಾಸ್ಟ್, ಭ್ರೂಣಕ್ಕೆ ಅಂಟಿದ ಭಂಡಾರಚೀಲಕ್ಕೆ (ಯೋಕ್ ಸ್ಯಾಕ್) ಒಳಪದರ ಕೊಡುವ ಹೈಪೊಬ್ಲಾಸ್ಟ್. ತಲೆ, ಕಾಲಿನ ಪ್ರಶ್ನೆ ಏಳುವುದು ಇದಾದ ಎಷ್ಟೋ ದಿನಕ್ಕೆ. ಈ ಭಾಗಕ್ಕೆ ಅರ್ಧ ಲೇಖನ ಕೊಟ್ಟರೂ ಸರಿ, ಒಂದು ಚಿತ್ರ ಬರೆಸಿ.

ಜೀನ್‌ಗಳ ಹೆಸರಿನ ಸಾಲುಸಾಲು ಬೇಡ. ಒಂದನ್ನು ಇಡಬೇಕೆಂದರೆ ಆಕ್ಟ್–4 ಇಡಿ, ಆದರೆ ತಿದ್ದಿ: ಬ್ಲಾಸ್ಟೊಸಿಸ್ಟ್ ಆಗುವಷ್ಟರಲ್ಲಿ ಅದು ಹೊರಕೋಶಗಳಲ್ಲಿ ಆರಿಹೋಗುವುದು ಇಲಿಯಲ್ಲಿ. ಹಸುವಿನ ಹೊರಕೋಶಗಳಲ್ಲಿ ಅದು ಇನ್ನೂ ಉಳಿದಿರುತ್ತದೆ.

ನೀವು ಪೂರ್ತಿ ಬಿಟ್ಟಿರುವುದು ಎರಡನೇ, ಮೂರನೇ ವಾರ. ರೈತರಿಗೆ ತಟ್ಟುವುದು ಅದೇ. ಭ್ರೂಣ 9–10ನೇ ದಿನಕ್ಕೆ ಪೊರೆಯಿಂದ ಹೊರಬಂದು, ಆಮೇಲೆ ದಾರದಂತೆ ಉದ್ದವಾಗುತ್ತದೆ. ಅದರ ಹೊರಕೋಶಗಳು ಇಂಟರ್‌ಫೆರಾನ್–ಟೌ ಎಂಬ ಪ್ರೋಟೀನ್ ಸುರಿಸಿ ‘ನಾನಿದ್ದೇನೆ’ ಎಂದು ಗರ್ಭಕೋಶಕ್ಕೆ ತಿಳಿಸುತ್ತವೆ. ಆ ಸುಳಿವು 16–17ನೇ ದಿನದ ಹೊತ್ತಿಗೆ ಸಾಕಷ್ಟು ಮುಟ್ಟದಿದ್ದರೆ ಗರ್ಭ ಉಳಿಸುವ ಹಾರ್ಮೋನು ಕೊಡುವ, ಅಂಡಾಶಯದ ಹಳದಿ ಗಂಟು ಕರಗುತ್ತದೆ. 21ರ ಸುಮಾರಿಗೆ ಹಸು ಮತ್ತೆ ಬೆದೆಗೆ ಬರುತ್ತದೆ. ಗರ್ಭ ಕಟ್ಟಲೆಂದು ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸಿ ಕಾದು ಕೂತವರಿಗೆ ಈ ಒಂದು ಪ್ಯಾರಾ ಬೇಕೇ ಬೇಕು.

ಭಾಷೆ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. 900 ಪದಕ್ಕೆ ಇಳಿಸಿ, ನಿಮ್ಮೂರಿನ ಪಶುವೈದ್ಯರಿಗೆ ಒಮ್ಮೆ ತೋರಿಸಿ, ಮತ್ತೆ ಕಳಿಸಿ. ಕಾಯುತ್ತಿರುತ್ತೇನೆ.

— ಸಂಪಾದಕ, ಕೋಲಾರ