ಒಬ್ಬನೇ ಗಂಡನ ಜೊತೆ ಬಾಳಿದವರಿಗೂ ಗರ್ಭಕೊರಳಿನ ಕ್ಯಾನ್ಸರ್ ಯಾಕೆ ಬರುತ್ತದೆ?

ಕುಂಬಳೆಯಲ್ಲಿರುವ ನಿಮ್ಮ ಚಿಕ್ಕಮ್ಮನಿಗೆ ಗರ್ಭಕೊರಳಿನ, ಅಂದರೆ ಗರ್ಭಕೋಶದ ಬಾಯಿಯ, ಕ್ಯಾನ್ಸರ್ ಹೇಗೆ ಬಂತು ಅಂತ ಕೇಳಿದ್ದೀರಿ. ಹೆಚ್ಚುಕಮ್ಮಿ ಎಲ್ಲರಲ್ಲೂ ಕಾರಣ ಒಂದೇ, ಎಚ್‌ಪಿವಿ ಅನ್ನುವ ವೈರಸ್. ಅದು ಲೈಂಗಿಕ ಸಂಪರ್ಕದಿಂದ ಹರಡುತ್ತದೆ, ತೀರಾ ಸಾಮಾನ್ಯ, ಗಂಡನಿಗೆ ಮದುವೆಗೆ ಎಷ್ಟೋ ಮುಂಚೆ ತಗುಲಿದ್ದರೂ ಸಾಕು, ಅವರಿಗೇ ಗೊತ್ತಿರುವುದಿಲ್ಲ. ಹಾಗಾಗಿ ಚಿಕ್ಕಮ್ಮನ ನಡತೆ ಬಗ್ಗೆ ಯಾರಾದರೂ ಪಿಸುಗುಟ್ಟಿದರೆ ದಯವಿಟ್ಟು ಅಲ್ಲೇ ಬಾಯಿ ಮುಚ್ಚಿಸಿ.

ವೈರಸ್ ಬಂದವರಿಗೆಲ್ಲ ಕ್ಯಾನ್ಸರ್ ಆಗುವುದಿಲ್ಲ. ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಓಡಿಸುತ್ತದೆ. ಕೆಲವರಲ್ಲಿ ಮಾತ್ರ, ಅದರಲ್ಲೂ 16 ಮತ್ತು 18ನೇ ಬಗೆಯದಾದರೆ, ಅದು ಗರ್ಭಕೋಶದ ಬಾಯಿಯ ಜೀವಕೋಶಗಳಲ್ಲಿ ಬೀಡುಬಿಡುತ್ತದೆ. ಜೀವಕೋಶ ಮಿತಿಮೀರಿ ಬೆಳೆಯದ ಹಾಗೆ ತಡೆಯುವ ಪ್ರೊಟೀನುಗಳು ನಮ್ಮಲ್ಲಿವೆ, ವೈರಸ್ ಅವುಗಳನ್ನೇ ಕೆಡಿಸುತ್ತದೆ. ಬ್ರೇಕ್ ಹೋದ ಜೀಪು ಇಳಿಜಾರಿಗೆ ಬಿದ್ದ ಹಾಗೆ, ಅಲ್ವಾ? ಆದರೆ ಇದು ಬಹಳ ನಿಧಾನ, ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು.

ಬೀಡಿ ಸಿಗರೇಟು ಸೇದುವುದು, ಎಚ್‌ಐವಿಯಿಂದ ರೋಗನಿರೋಧಕ ಶಕ್ತಿ ಕುಗ್ಗಿರುವುದು, ಚಿಕ್ಕ ವಯಸ್ಸಿಗೇ ಬಸಿರು, ಜಾಸ್ತಿ ಹೆರಿಗೆ, 5 ವರ್ಷಕ್ಕಿಂತ ಹೆಚ್ಚು ಕಾಲ ಗರ್ಭನಿರೋಧಕ ಮಾತ್ರೆ, ಇವೆಲ್ಲ ವೈರಸ್ ಗಟ್ಟಿಯಾಗಿ ಕೂರಲು ಅಥವಾ ರೋಗ ಮುಂದುವರಿಯಲು ನೆರವಾಗುತ್ತವೆ.

ಶುರುವಿನಲ್ಲಿ ನೋವೂ ಇರುವುದಿಲ್ಲ, ರಕ್ತಸ್ರಾವವೂ ಇರುವುದಿಲ್ಲ. ಅದಕ್ಕೇ 30 ದಾಟಿದವರು ಆರಾಮಾಗಿದ್ದರೂ ತಪಾಸಣೆ ಮಾಡಿಸಿಕೊಳ್ಳಬೇಕು. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ನಾಚಿಕೆ ಬಿಟ್ಟು ಕೇಳಿ. ಮನೆಯಲ್ಲಿ 9ರಿಂದ 14 ವರ್ಷದ ಹೆಣ್ಣುಮಕ್ಕಳಿದ್ದರೆ ಲಸಿಕೆ ಬಗ್ಗೆಯೂ ವಿಚಾರಿಸಿ, ವೈರಸ್ ತಗುಲುವ ಮೊದಲೇ ಕೊಟ್ಟರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ.