ಹೊಸ ಹೀಟ್ ಪಂಪ್ ತಗೊಳ್ಳೋಕ್ ಮುಂಚೆ ಹಳೇದು ಯಾಕ್ ಹೋಯ್ತು ಅಂತ ನೋಡಿ

ನೀವ್ ಕೇಳಿರೋದು ಇಷ್ಟು ಅಂತ ಅರ್ಥ ಮಾಡ್ಕೊಂಡಿದೀನಿ: ಕೋಲಾರದಲ್ಲಿ ಸ್ವಂತ ಮನೆ, ಐದು ಜನ, ಬಿಸಿನೀರಿಗೆ ಅಂತ ಹಾಕ್ಸಿದ್ದ 200 ಲೀಟರ್ ಹೀಟ್ ಪಂಪ್‌ಗೆ (ಗಾಳಿಯ ಬಿಸಿ ಎಳ್ಕೊಂಡು ನೀರು ಕಾಯ್ಸೋ ಮಷೀನ್) 9 ವರ್ಷ ಆಗಿ ಕಂಪ್ರೆಸರ್ ಹೋಗಿದೆ, ಪಕ್ಕದ ಮೂರಂತಸ್ತಿನ ಬಿಲ್ಡಿಂಗ್ ನೆರಳು ಬೀಳೋದ್ರಿಂದ ಸೋಲಾರ್ ಹಾಕೋಕಾಗಲ್ಲ, ಅಂಗಡಿಯೋರು 300 ಲೀಟರ್‌ದು ತಗೊಳ್ಳಿ ಅಂತಿದಾರೆ, ಕರೆಂಟ್ ಕಮ್ಮಿ ತಗೊಳ್ಳೋದು ಯಾವ್ದು? ನಮ್ಮನೆ ಚಿಕ್ಕಬಳ್ಳಾಪುರದಲ್ಲಿ, ಎರಡು ವರ್ಷದ ಹಿಂದೆ ನಾವೂ ಇದನ್ನೇ ಮಾಡಿದ್ವಿ, ಅದಕ್ಕೆ ಸ್ವಲ್ಪ ಉದ್ದವಾಗೇ ಬರೀತೀನಿ.

ಮೊದಲು ನೀರಿನ ವಿಷ್ಯ. ನಮ್ಮ ಕಡೆ ಹೀಟ್ ಪಂಪ್ ಹಾಳಾಗೋದು ಬಹುತೇಕ ಬೋರ್ ನೀರಿಂದ. ನಮ್ ಹಳೇ ಟ್ಯಾಂಕ್ ಮಹಡಿಯಿಂದ ಇಳಿಸಿದಾಗ ಪ್ಲಂಬರ್ ಆನೋಡ್ ರಾಡ್ ಬಿಚ್ಚಿ ನನ್ ಕೈಗಿಟ್ಟ. ಹೊಸದ್ರಲ್ಲಿ ಅದು ಹೆಬ್ಬೆರಳು ದಪ್ಪ ಇರೋ ಮೆಗ್ನೀಸಿಯಂ ರಾಡು, ಟ್ಯಾಂಕಿನ ಉಕ್ಕು ತುಕ್ಕು ಹಿಡೀದೇ ಇರ್ಲಿ ಅಂತ ತಾನು ಸವೀತಾ ಹೋಗುತ್ತೆ. ನಮ್ದರಲ್ಲಿ ಉಳಿದಿದ್ದು ಸೈಕಲ್ ಕಡ್ಡಿಯಂಥ ಒಂದು ತಂತಿ ಮಾತ್ರ. ಟ್ಯಾಂಕ್ ಬಗ್ಗಿಸಿದ್ರೆ ಡ್ರೈನ್ ತೂತಿಂದ ಬಿಳೀ ಚಕ್ಕೆ, ಥೇಟ್ ಮೊಟ್ಟೆ ಸಿಪ್ಪೆ ಥರ, ಅರ್ಧ ಬಕೆಟ್ ಬಿತ್ತು. ಅದೆಲ್ಲಾ ಸುಣ್ಣ. ಸುಣ್ಣ ಕಟ್ಕೊಂಡ್ರೆ ಮಷೀನ್ ಒಳಗೆ ಸುತ್ತೋ ಗ್ಯಾಸಿನ (ಫ್ರಿಜ್ಜಲ್ಲಿರೋ ಥರದ್ದು) ಬಿಸಿ ನೀರಿಗೆ ಸರಿಯಾಗಿ ಇಳಿಯಲ್ಲ, ಒತ್ತಡ ಏರುತ್ತೆ, ಎರಡು ಗಂಟೆ ಓಡಬೇಕಾದ ಕಂಪ್ರೆಸರ್ ನಾಲ್ಕು ಗಂಟೆ ಓಡುತ್ತೆ, ಬಿಲ್ಲೂ ಏರುತ್ತೆ ಕಂಪ್ರೆಸರ್ರೂ ಸುಟ್ಟೋಗುತ್ತೆ. ನಿಮ್ದೂ ಹಂಗೇ ಆಗಿದ್ರೆ ಎಷ್ಟೇ ಒಳ್ಳೇ ಮಷೀನ್ ತಂದ್ರೂ ಮತ್ತೆ ಅದೇ ಕಥೆ.

ಹಂಗಾಗಿ ನೀರು ಟೆಸ್ಟ್ ಮಾಡ್ಸಿ. ಟಿಡಿಎಸ್ ಪೆನ್ ಅದ್ದಿ ನೋಡೋದು ಸಾಲಲ್ಲ, ಅದು ನೀರಲ್ಲಿ ಕರಗಿರೋದನ್ನೆಲ್ಲಾ ಒಟ್ಟಿಗೆ ತೋರ್ಸುತ್ತೆ, ಗಡಸುತನ ಬೇರೆ ಮಾಡಿ ತೋರ್ಸಲ್ಲ, ಲ್ಯಾಬಲ್ಲಿ ಹಾರ್ಡ್‌ನೆಸ್ ಅಂತಾನೇ ಕೇಳಿ. ಕುಡಿಯೋ ನೀರಿಗೆ ಐಎಸ್ 10500 ಅನ್ನೋ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ದಿದ್ರೆ 600ರವರೆಗೂ ನಡೆಯುತ್ತೆ. ನಿಮ್ದು 300 ದಾಟಿದ್ರೆ ಅಂಗಡೀಲಿ ಕೇಳಬೇಕಾದ ಮೊದಲ ಪ್ರಶ್ನೆ ಕರೆಂಟ್ ಎಷ್ಟು ಅನ್ನೋದಲ್ಲ, ಕಾಯಿಲ್, ಅಂದ್ರೆ ಬಿಸಿ ಗ್ಯಾಸ್ ಹರಿಯೋ ಸುರುಳಿ ಪೈಪ್, ಎಲ್ಲಿದೆ ಅನ್ನೋದು. ಕೆಲವ್ರದ್ರಲ್ಲಿ ಕಾಯಿಲ್ ಟ್ಯಾಂಕ್ ಹೊರಮೈಗೆ ಸುತ್ತಿರುತ್ತೆ, ನೀರು ಅದನ್ನ ಮುಟ್ಟಲ್ಲ, ಗಡಸು ನೀರಿಗೆ ಇದೇ ವಾಸಿ. ಕೆಲವ್ರದ್ರಲ್ಲಿ ನೀರೊಳಗೇ ಮುಳುಗಿರುತ್ತೆ. ಇನ್ ಕೆಲವ್ರದ್ರಲ್ಲಿ ನೀರನ್ನ ಪಂಪ್ ಮಾಡಿ ಹೊರಗಡೆ ಒಂದು ಪ್ಲೇಟ್ ಎಕ್ಸ್‌ಚೇಂಜರ್ ಒಳಗೆ ಹಾಯಿಸ್ತಾರೆ, ಹೊಸದ್ರಲ್ಲಿ ಅದು ಚೆನ್ನಾಗೇ ಕೆಲಸ ಮಾಡುತ್ತೆ ಆದ್ರೆ ಆ ಪ್ಲೇಟುಗಳ ಮಧ್ಯದ ಸಣ್ಣ ಸಂದುಗಳು ಎಲ್ಲಕ್ಕಿಂತ ಮುಂಚೆ ಕಟ್ಕೊಳ್ಳುತ್ತೆ, ಸಾಫ್ಟ್‌ನರ್ (ನೀರಿನ ಗಡಸು ತೆಗೆಯೋ ಮಷೀನ್) ಇಲ್ದೇ ನಮ್ಮ ನೀರಿಗೆ ಅದು ಬೇಡವೇ ಬೇಡ.

ಈಗ ಸೈಜ್. 300 ಲೀಟರ್ ನಿಮಗೆ ಬೇಡ ಅಂತ ನನ್ನ ಅಭಿಪ್ರಾಯ, ಲೆಕ್ಕ ಹಾಕಿ ನೋಡಿ. ಒಂದು 20 ಲೀಟರ್ ಬಕೆಟ್ ಸ್ನಾನದ ನೀರು 40 ಡಿಗ್ರಿ ಇದ್ರೆ ಸಾಕು. ಟ್ಯಾಂಕಲ್ಲಿ 50 ಡಿಗ್ರಿ, ನಲ್ಲೀಲಿ 20 ಡಿಗ್ರಿ ನೀರಿದ್ರೆ ಒಂದು ಬಕೆಟ್ಟಿಗೆ ಬಿಸಿನೀರು ಬೇಕಾಗೋದು 13-14 ಲೀಟರ್ ಅಷ್ಟೇ. ಒಬ್ಬೊಬ್ರಿಗೆ ಎರಡೆರಡು ಬಕೆಟ್ ಅಂದ್ರೂ ಐದು ಜನಕ್ಕೆ 140 ಲೀಟರ್ ಒಳಗೇ ಮುಗಿಯುತ್ತೆ, ಪಾತ್ರೆ ತೊಳೆಯೋಕೆ ಅಂತ ಇನ್ನೂ ಮಿಗುತ್ತೆ. ದೊಡ್ಡ ಟ್ಯಾಂಕ್ ಅಂದ್ರೆ ಯಾರೂ ಬಳಸದ ನೀರನ್ನ ದಿನಾ ಬಿಸಿ ಇಡೋದು. ಮನೇಲಿ ಎಲ್ರೂ ಶವರ್ ಕೆಳಗೆ ನಿಲ್ಲೋರಾದ್ರೆ ಮಾತು ಬೇರೆ.

ಕರೆಂಟ್ ಲೆಕ್ಕಾನೂ ಕಷ್ಟ ಇಲ್ಲ. ಒಂದು ಲೀಟರ್ ನೀರು ಒಂದು ಡಿಗ್ರಿ ಏರೋಕೆ ಒಂದು ಕಿಲೋ ಕ್ಯಾಲರಿ, 860 ಕಿಲೋ ಕ್ಯಾಲರಿ ಸೇರಿದ್ರೆ ಒಂದು ಯೂನಿಟ್. 200 ಲೀಟರ್, 30 ಡಿಗ್ರಿ ಏರಿಸೋಕೆ ಹತ್ತತ್ರ 7 ಯೂನಿಟ್. ಗೀಸರ್ ಆದ್ರೆ ಆ ಏಳೂ ಮೀಟರಿಂದಾನೇ ಬರ್ಬೇಕು. ಗೀಸರ್ ಮೇಲಿನ ಸ್ಟಾರ್ ನೋಡಿ ಮೋಸ ಹೋಗ್ಬೇಡಿ, ಆ ಸ್ಟಾರ್ ಹೇಳೋದು ಕಾದ ನೀರು ಎಷ್ಟು ಬೇಗ ಆರುತ್ತೆ ಅನ್ನೋದನ್ನ, ಕಾಯಿಸೋಕೆ ಕರೆಂಟ್ ಎಲ್ಲದಕ್ಕೂ ಅಷ್ಟೇ ಬೇಕು. ಹೀಟ್ ಪಂಪ್ ಫ್ರಿಜ್ಜಿನ ಕೆಲಸಾನೇ ತಿರುಗಿಸಿ ಮಾಡುತ್ತೆ, ಹೊರಗಿನ ಗಾಳಿಯಿಂದ ಬಿಸಿ ಎಳ್ಕೊಂಡು ನೀರಿಗೆ ಹಾಕುತ್ತೆ. ಒಂದು ಯೂನಿಟ್ ಕರೆಂಟಿಗೆ ಎಷ್ಟು ಯೂನಿಟ್ ಬಿಸಿ ಸಿಗುತ್ತೆ ಅನ್ನೋದನ್ನ ಸಿಒಪಿ ಅಂತಾರೆ, ಅದು 3 ಇದ್ರೆ ಅದೇ ಕೆಲಸ 2.3 ಯೂನಿಟ್‌ಗೆ ಮುಗೀತು. ತಿಂಗಳಿಗೆ ಸುಮಾರು 140 ಯೂನಿಟ್ ವ್ಯತ್ಯಾಸ. ಗೃಹಜ್ಯೋತಿ ಇರೋ ಮನೆಗೆ ಇದು ಇನ್ನೂ ದೊಡ್ಡ ವಿಷ್ಯ, ತಿಂಗಳಲ್ಲಿ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ನಾವೇ ಕಟ್ಬೇಕಲ್ಲ.

ಆದ್ರೆ ಬ್ರೋಷರಲ್ಲಿರೋ 4.2, 4.5 ಸಿಒಪಿ ನೋಡಿ ತೀರ್ಮಾನ ಮಾಡ್ಬೇಡಿ. ಎಷ್ಟು ಡಿಗ್ರಿ ಗಾಳೀಲಿ, ನೀರನ್ನ ಎಷ್ಟರಿಂದ ಎಷ್ಟಕ್ಕೆ ಏರಿಸಿದಾಗ ಬಂದ ನಂಬರ್ ಅಂತ ಕೇಳಿ. ಗಾಳಿ ತಣ್ಣಗಾದಷ್ಟೂ, ನೀರು ಜಾಸ್ತಿ ಬಿಸಿ ಬೇಕಾದಷ್ಟೂ ಅದು ಇಳಿಯುತ್ತೆ. ಇಲ್ಲಿ ಜನವರಿ ಬೆಳಗಿನ ಜಾವ ನಂದಿ ಬೆಟ್ಟದ ಕಡೆಯಿಂದ ಮಂಜು ಇಳಿದ್ರೆ 14-15 ಡಿಗ್ರಿ ಇರುತ್ತೆ, ಮಧ್ಯಾಹ್ನ 27ರ ಹತ್ತಿರ ಹೋಗುತ್ತೆ. ನಾನು ಟೈಮರ್ ಮಧ್ಯಾಹ್ನ 12ರಿಂದ 4ಕ್ಕೆ ಇಟ್ಟಿದೀನಿ, ಟ್ಯಾಂಕಿನ ಇನ್ಸುಲೇಷನ್ ಚೆನ್ನಾಗಿದ್ರೆ ಮಾರನೇ ದಿನ ಬೆಳಿಗ್ಗೆ ಸ್ನಾನಕ್ಕೆ ಧಾರಾಳವಾಗಿ ಬಿಸಿ ಇರುತ್ತೆ. ಹೊಸ ಮಷೀನಿಗಿಂತ ಈ ಟೈಮರ್‌ದೇ ಲಾಭ ಜಾಸ್ತಿ ಅನ್ನಿಸಿದ ತಿಂಗಳೂ ಇದೆ.

ಇನ್ನೊಂದು, ಇದನ್ನ ಯಾರೂ ಹೇಳಲ್ಲ. ಮಷೀನ್ ಒಳಗೆ ಬ್ಯಾಕಪ್ ಅಂತ ಒಂದೂವರೆ-ಎರಡು ಕಿಲೋವ್ಯಾಟಿನ, ಗೀಸರ್ ಥರ ನೇರ ಕರೆಂಟಲ್ಲೇ ಕಾಯಿಸೋ ಕಾಯಿಲ್ ಹೀಟರ್ ಇರುತ್ತೆ. ನಮ್ಮನೇಲಿ ಫಿಟ್ ಮಾಡೋಕ್ ಬಂದ ಹುಡುಗ ಬೇಗ ಬಿಸಿ ಆಗ್ಲಿ ಅಂತ ಅದನ್ನ ಆಟೋದಲ್ಲೇ ಬಿಟ್ಟು ಹೋಗಿದ್ದ. ಮೊದಲನೇ ತಿಂಗಳು ಬಿಲ್ ನೋಡಿ ಎದೆ ಧಸಕ್ ಅಂತು. ಆಮೇಲೆ ಒಂದಿನ ಮನೇಲಿ ಮಿಕ್ಕಿದ್ದೆಲ್ಲಾ ಆಫ್ ಮಾಡಿ ಮೀಟರ್ ಮುಂದೆ ನಿಂತೆ, ಕೆಂಪು ಲೈಟ್ ಪಟಪಟ ಅಂತ ಮಿಣುಕ್ತಿತ್ತು, ಪ್ಯಾನೆಲಲ್ಲಿ ಬ್ಯಾಕಪ್ ಆಫ್ ಮಾಡಿದ ತಕ್ಷಣ ಅದರ ವೇಗ ಎದ್ದು ಕಾಣೋ ಹಂಗೆ ಇಳೀತು. ನೀವು ಫಿಟ್ಟಿಂಗ್ ದಿನಾನೇ ಇದನ್ನ ನೋಡ್ಕೊಳ್ಳಿ.

ಜಾಗಾನೂ ಅಷ್ಟೇ ಮುಖ್ಯ. ಇದು ತಣ್ಣನೆ ಗಾಳಿ ಉಗುಳುತ್ತೆ, ಮುಚ್ಚಿದ ಯುಟಿಲಿಟೀಲೋ ಮೆಟ್ಟಿಲ ಕೆಳಗೋ ಇಟ್ರೆ ತಾನು ಬಿಟ್ಟ ತಣ್ಣನೆ ಗಾಳೀನೇ ಮತ್ತೆ ಎಳ್ಕೊಳ್ಳುತ್ತೆ. ನಿಮ್ಮ ಮಹಡೀಲಿ ನೆರಳಿದ್ರೂ ಪರವಾಗಿಲ್ಲ, ಗಾಳಿ ಆಡ್ಬೇಕು ಅಷ್ಟೇ. ಟೆಂಪರೇಚರ್ 50-55ಕ್ಕೆ ಇಡಿ, ಸದಾ 60ರ ಮೇಲೆ ಇಟ್ರೆ ಸುಣ್ಣ ಜಾಸ್ತಿ ಕಟ್ಟುತ್ತೆ. ನೀರಲ್ಲಿ ಬ್ಯಾಕ್ಟೀರಿಯಾ ಬೆಳೀದಿರ್ಲಿ ಅಂತ ವಾರಕ್ಕೊಂದ್ಸಲ ಮಾತ್ರ 60ಕ್ಕೆ ಏರ್ಸಿ. ಮೂರು ತಿಂಗಳಿಗೊಮ್ಮೆ ಡ್ರೈನ್ ತಿರುಗಿಸಿ ಒಂದೆರಡು ಬಕೆಟ್ ಬಿಡಿ, ವರ್ಷಕ್ಕೊಮ್ಮೆ ಆನೋಡ್ ನೋಡಿ. ಆನೋಡ್ ನಮ್ಮೂರಲ್ಲೇ ಸಿಗುತ್ತಾ ಅಂತ ಮಷೀನ್ ತಗೊಳ್ಳೋಕ್ ಮುಂಚೆ ವಿಚಾರ್ಸಿ, ಪ್ರತೀ ಸಲ ಬೆಂಗ್ಳೂರಿಂದ ತರಿಸಬೇಕು ಅಂದ್ರೆ ಯಾರೂ ಬದಲಾಯಿಸಲ್ಲ. ಗ್ಯಾಸ್ ಆರ್-410ಎ ಬದಲು ಆರ್-32 ಅಥವಾ ಆರ್-290 ಸಿಕ್ಕಿದ್ರೆ ಅದನ್ನೇ ತಗೊಳ್ಳಿ, ಲೀಕ್ ಆದ್ರೆ ವಾತಾವರಣಕ್ಕೆ ಆಗೋ ಹಾನಿ ತುಂಬಾ ಕಮ್ಮಿ.

ಹಳೇದನ್ನ ಗುಜರಿಗೆ ಹಾಕೋಕ್ ಮುಂಚೆ ಪ್ಲಂಬರ್ ಕೈಲಿ ಆನೋಡ್ ಬಿಚ್ಚಿಸಿ, ಡ್ರೈನಿಂದ ಏನ್ ಬೀಳುತ್ತೆ ನೋಡಿ. ಎಷ್ಟು ಸುಣ್ಣ ಬಿತ್ತು, ಹಾರ್ಡ್‌ನೆಸ್ ಎಷ್ಟು ಬಂತು ಅಂತ ಇಲ್ಲೇ ಹಾಕಿ. ಸಾಫ್ಟ್‌ನರ್ ಬೇಕಾ ಬೇಡ್ವಾ ಅನ್ನೋದು ಅದನ್ನ ನೋಡಿದ್ಮೇಲೇ ಹೇಳೋಕಾಗೋದು.